20 ನಿಮಿಷಕ್ಕೆ ಹಾರ್ಡ್ ಡಿಸ್ಕ್, ನೆಟ್, ಮೌಸ್ ಮೂರೂ ಮಾಯ. ಚಿಪ್‌ಸೆಟ್ ಹೋಯ್ತಾ?

ಬೀಗರೂಟ ಡಿಟಿಪಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ನಾಮಕರಣ, ಬೀಗರೂಟದ ಕಾರ್ಡು, ಎಲೆಕ್ಷನ್ ಬಂದರೆ ಕರಪತ್ರ. ಹಳೇ ಕಂಪ್ಯೂಟರ್‌ನಲ್ಲಿ ಕೋರಲ್ ಡ್ರಾ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿ ಟೀ ಕುಡಿದು ಬರುತ್ತಿದ್ದರು. ಅದಕ್ಕೇ ಈ ಸಲ ನಾನೇ ಒಂದು ಜೋಡಿಸೋಣ ಅಂತ ಕೈ ಹಾಕಿದೆ.

ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎನ್‌ವಿಎಂಇ (ಬೋರ್ಡಿನ ಮೇಲೇ ಕೂರುವ ವೇಗದ ಡಿಸ್ಕ್), ಎಲ್ಲ ಹೊಸದು. ಬಿ450 ಚಿಪ್‌ಸೆಟ್ (ಪ್ರೊಸೆಸರ್‌ಗೂ ಮಿಕ್ಕ ಭಾಗಗಳಿಗೂ ನಡುವಿನ ಚಿಪ್) ಇರುವ ಮದರ್‌ಬೋರ್ಡ್ ಮಾತ್ರ ಸೆಕೆಂಡ್ ಹ್ಯಾಂಡ್. ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಬೈಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ.

ಆನ್ ಮಾಡಿದರೆ ಚೆನ್ನಾಗೇ ಬರುತ್ತದೆ. ವಿಂಡೋಸ್ ಎನ್‌ವಿಎಂಇಯಲ್ಲಿದೆ. ಕೇಬಲ್‌ನಲ್ಲಿ ಸೇರಿಸುವ ಹಳೇ 2 ಟಿಬಿ ಸಾಟಾ ಹಾರ್ಡ್ ಡಿಸ್ಕಿನಲ್ಲಿ 12 ವರ್ಷದ ಕಾರ್ಡ್ ಫೈಲುಗಳಿವೆ. 18ರಿಂದ 20 ನಿಮಿಷ ಆಗುತ್ತಿದ್ದ ಹಾಗೆ ಆ ಡಿಸ್ಕ್ ಕಾಣೆಯಾಗುತ್ತದೆ. ಅದೇ ಹೊತ್ತಿಗೆ ನೆಟ್ ಹೋಗುತ್ತದೆ, ಮೌಸಿನ ಕೆಂಪು ಲೈಟೂ ಆರಿ ಹೋಗುತ್ತದೆ. ಆದರೆ ಡಿಸ್‌ಪ್ಲೇ ಇರುತ್ತದೆ, ಕೀಬೋರ್ಡ್ ಕೆಲಸ ಮಾಡುತ್ತದೆ, ವಿಂಡೋಸ್ ಹ್ಯಾಂಗ್ ಆಗುವುದಿಲ್ಲ. ಅರ್ಧ ಗಂಟೆ ಆಫ್ ಮಾಡಿ ಬಿಟ್ಟರೆ ಮತ್ತೆ ಎಲ್ಲ ಸರಿ.

ಸಾಟಾ ಕೇಬಲ್ ಬದಲಾಯಿಸಿದೆ. ಅಂಗಡಿಯ ಇನ್ನೊಂದು ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿ ನೋಡಿದೆ. ವಿಂಡೋಸ್ ಎರಡು ಸಲ ಹಾಕಿದೆ. ಇಲ್ಲಿ ಒಬ್ಬರು ರಿಪೇರಿಯವರು "ಚಿಪ್‌ಸೆಟ್ ಹೋಗಿದೆ, ಹೀಟ್ ಹೊಡೆದು ಕೊಡ್ತೀನಿ, 1,500 ಆಗುತ್ತೆ" ಅಂದರು. ಕೊಡಲಾ?

---

ಗೇಮರ್ ಹುಡುಗ

ಅಣ್ಣ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಹೊಸ ಬಿ550 ಬೋರ್ಡ್ ತಗೊಳ್ಳಿ, ಅದೇ ಪ್ರೊಸೆಸರ್ ಕೂರುತ್ತದೆ.

---

ಸರಸ್ವತಿಪುರಂ ಸೋಲ್ಡರ್, ಮೈಸೂರು

ಹೊಸ ಬೋರ್ಡ್ ಯಾವಾಗ ಬೇಕಾದರೂ ತರಬಹುದು, ಸ್ವಲ್ಪ ತಡೆಯಿರಿ. 1,500 ಕೂಡ ಕೊಡಬೇಡಿ. ಚಿಪ್ ಕೆಳಗಿನ ಸೀಸವಿಲ್ಲದ ಬೆಸುಗೆ ಕರಗಬೇಕಾದರೆ 217 ಡಿಗ್ರಿ ಮೇಲೆ ಬೇಕು. ಬ್ಲೋಯರ್ ಹಿಡಿದು ಸುಮ್ನೆ ಬಿಸಿ ಮಾಡಿದರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ನೀವು ಮತ್ತೆ ಅವರ ಅಂಗಡಿಯಲ್ಲೇ ಇರುತ್ತೀರಿ.

ಉತ್ತರ ನೀವು ಬರೆದದ್ದರಲ್ಲೇ ಇದೆ ಸರ್. ಏನು ಹೋಯಿತು ಅನ್ನುವುದಕ್ಕಿಂತ ಏನು ಉಳಿಯಿತು ನೋಡಿ. ನಿಮ್ಮದರಂಥ ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗಳಲ್ಲಿ ಡಿಸ್‌ಪ್ಲೇ, ರ‍್ಯಾಮ್, ಮೊದಲ ಎನ್‌ವಿಎಂಇ ಸ್ಲಾಟ್, ಹಿಂದಿನ ನಾಲ್ಕು ಯುಎಸ್‌ಬಿ ಪೋರ್ಟ್ ನೇರ ಪ್ರೊಸೆಸರ್‌ಗೇ ಸೇರಿರುತ್ತವೆ. ಸಾಟಾ, ಲ್ಯಾನ್ (ನೆಟ್ ಕೇಬಲ್ಲಿನದು), ಮಿಕ್ಕ ಯುಎಸ್‌ಬಿ ಸಾಮಾನ್ಯವಾಗಿ ಚಿಪ್‌ಸೆಟ್ ಮೂಲಕ ಬರುತ್ತವೆ. ನಿಮ್ಮಲ್ಲಿ ಪ್ರೊಸೆಸರ್ ಕಡೆಯದು ಯಾವುದೂ ಸತ್ತಿಲ್ಲ. ಚಿಪ್‌ಸೆಟ್ ಕಡೆಯದು ಮಾತ್ರ ಒಟ್ಟಿಗೇ ಸಾಯುತ್ತಿದೆ. ಮೌಸನ್ನು ಕೀಬೋರ್ಡಿನ ಪಕ್ಕದ ಪೋರ್ಟಿಗೆ ಹಾಕಿ. ಅಲ್ಲಿ ಅದು ಬದುಕಿ ಉಳಿದರೆ ಅನುಮಾನವೇ ಬೇಡ.

ಇನ್ನೊಂದು, ತಣ್ಣಗಾದ ಮೇಲೆ ಸರಿಹೋಗುತ್ತದೆ ಅಂದಿರಿ. ಪೂರ್ತಿ ಸತ್ತ ಚಿಪ್ ಅರ್ಧ ಗಂಟೆ ಮಲಗಿ ಎದ್ದು ಬರುವುದಿಲ್ಲ. ಬಿ450 ಚಿಪ್‌ಸೆಟ್ ತಿನ್ನುವುದು 5 ವ್ಯಾಟ್‌ನಷ್ಟು, ಅದಕ್ಕೆ ಫ್ಯಾನೇ ಬೇಡ. ಆದರೆ ಬಿಸಿ ಎಳೆದುಕೊಳ್ಳುವ ಮೇಲಿನ ಲೋಹದ ತುಂಡು, ಅಂದರೆ ಹೀಟ್‌ಸಿಂಕ್, ಚಿಪ್‌ಗೆ ತಾಗದೇ ಇದ್ದರೆ ಆ 5 ವ್ಯಾಟೇ ಜಾಸ್ತಿ. ಸೈಡ್ ಡೋರ್ ತೆಗೆದು ಟೇಬಲ್ ಫ್ಯಾನ್ ಹಿಡಿಯಿರಿ, ಎಷ್ಟು ಹೊತ್ತು ತಡೆಯುತ್ತದೆ ಬರೆಯಿರಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ (ದೋಷಗಳ ದಾಖಲೆ) 129 ನಂಬರಿನ ಎಚ್ಚರಿಕೆ ಸಾಲುಗಟ್ಟಿದೆಯಾ ಅಂತಲೂ ನೋಡಿ. ಸಾಟಾ ಡಿಸ್ಕ್ ಉತ್ತರ ಕೊಡದೇ ಇದ್ದಾಗ ಅದು ಬೀಳುತ್ತದೆ.

ಅದಕ್ಕೂ ಮೊದಲು ಆ 12 ವರ್ಷದ ಫೈಲುಗಳನ್ನು ಇನ್ನೊಂದು ಕಡೆ ಕಾಪಿ ಮಾಡಿ ಮಾರಾಯ್ರೆ! ಈ ಬೋರ್ಡಿನಲ್ಲಿ ಬೇಡ, ಹಳೇದರಲ್ಲಿ.

---

ಹಳೇ ಪೆಂಟಿಯಂ, ಮೈಸೂರು

ಸಾಟಾ ಹೋದರೆ ಚಿಪ್‌ಸೆಟ್ಟೇ ಅನ್ನುವ ಮಾತಿಗೆ ಒಂದು ಹಳೇ ಕಥೆ ಇದೆ. 2011ರ ಜನವರಿ 31ರಂದು ಇಂಟೆಲ್ ತನ್ನ 6 ಸರಣಿಯ ಚಿಪ್‌ಸೆಟ್ ಸಾಗಣೆಯನ್ನೇ ನಿಲ್ಲಿಸಿತು. ಪಿ67, ಎಚ್67 ಬೋರ್ಡ್‌ಗಳದ್ದು. ಸೆಕೆಂಡಿಗೆ 3 ಗಿಗಾಬಿಟ್ ವೇಗದ ನಾಲ್ಕು ಸಾಟಾ ಪೋರ್ಟ್‌ಗಳು ದಿನ ಕಳೆದ ಹಾಗೆ ಸೊರಗುತ್ತವೆ ಅಂತ ಗೊತ್ತಾಗಿತ್ತು. 6 ಗಿಗಾಬಿಟ್ಟಿನ ಎರಡು ಪೋರ್ಟ್‌ಗೆ ಏನೂ ಆಗುತ್ತಿರಲಿಲ್ಲ. ಸರಿಪಡಿಸಿದ ಚಿಪ್ಪಿಗೆ ಬಿ3 ಅಂತ ಹೆಸರು. ಆಗ ಬೋರ್ಡ್ ಕೊಳ್ಳಲು ಹೋದವರೆಲ್ಲ ಡಬ್ಬದ ಮೇಲೆ ಬಿ3 ಇದೆಯಾ ಅಂತ ಹುಡುಕುತ್ತಿದ್ದೆವು.

ನಿಮ್ಮದು ಆ ಜಾತಿಯದಲ್ಲ. ಅಲ್ಲಿ ಯುಎಸ್‌ಬಿ, ನೆಟ್ ಮುಟ್ಟಿರಲಿಲ್ಲ, ಫ್ಯಾನ್ ಹಿಡಿದರೂ ವಾಸಿಯಾಗುತ್ತಿರಲಿಲ್ಲ. ಸೋಲ್ಡರ್ ಹೇಳಿದ್ದೇ ಸರಿ.

---

ಬೀಗರೂಟ ಡಿಟಿಪಿ, ಮಂಡ್ಯ

ಮೌಸ್ ಪೋರ್ಟ್ ಬದಲಾಯಿಸಿದೆ, ಬದುಕಿ ಉಳಿಯಿತು. ಟೇಬಲ್ ಫ್ಯಾನ್ ಹಿಡಿದೆ, 20 ನಿಮಿಷದ್ದು 55 ನಿಮಿಷ ತಡೆಯಿತು. 129 ಅಂತೂ ಜಾತ್ರೆ ಕಟ್ಟಿಕೊಂಡು ನಿಂತಿತ್ತು.

ನಿನ್ನೆ ರಾತ್ರಿ ಷಟರ್ ಎಳೆದ ಮೇಲೆ ಬೋರ್ಡ್ ಹೊರಗೆ ತೆಗೆದೆ. ಚಿಪ್‌ಸೆಟ್ಟಿನ ಹೀಟ್‌ಸಿಂಕ್ ನಿಂತಿರುವುದು ಸ್ಪ್ರಿಂಗ್ ಇರುವ ಎರಡು ಪ್ಲಾಸ್ಟಿಕ್ ಪಿನ್ನಿನ ಮೇಲೆ. ಮೇಲಿಂದ ನೋಡಿದರೆ ಎರಡೂ ಇವೆ. ಬೋರ್ಡ್ ತಿರುಗಿಸಿದರೆ ಒಂದರ ತುದಿಯೇ ಇಲ್ಲ! ಯಾರೋ ಹಿಂದೆ ಕಿತ್ತು, ಮುರಿದು, ಸುಮ್ನೆ ತೂರಿಸಿಟ್ಟಿದ್ದಾರೆ. ಹೀಟ್‌ಸಿಂಕ್ ಒಂದು ಮಗ್ಗುಲು ಎದ್ದು ಕೂತಿತ್ತು, ಉಗುರು ನುಗ್ಗುವಷ್ಟು ಸಂದು. ಕೆಳಗೆ ಚಿಪ್ಪಿನ ಬಿಸಿ ದಾಟಿಸುವ ಥರ್ಮಲ್ ಪ್ಯಾಡ್ ಹಳೇ ಹಪ್ಪಳದ ಹಾಗೆ ಪುಡಿಯಾಯಿತು.

ಈಗ ಪಿನ್ ಎಲ್ಲೂ ಸಿಗುವುದಿಲ್ಲ. ಪ್ಯಾಡ್ ಬದಲು ಪೇಸ್ಟ್ ಹಚ್ಚಿ ಮೇಲೆ ರಬ್ಬರ್ ಬ್ಯಾಂಡ್ ಹಾಕಿದರೆ ನಡೆಯುತ್ತಾ?

---

ಸರಸ್ವತಿಪುರಂ ಸೋಲ್ಡರ್, ಮೈಸೂರು

ರಬ್ಬರ್ ಬ್ಯಾಂಡ್ ಬಿಸಿಗೆ ಹರಿದು ಬೀಳುತ್ತದೆ. ಮೊದಲು ಪ್ಯಾಡ್ ಇತ್ತು ಅಂದರೆ ಪ್ಯಾಡೇ ಹಾಕಿ, ಅಷ್ಟೇ ದಪ್ಪದ್ದು. ಪೇಸ್ಟ್ ಆ ಸಂದು ತುಂಬುವುದಿಲ್ಲ. ಪಿನ್ ಬದಲು 3 ಮಿಲಿಮೀಟರ್ ನೈಲಾನ್ ಸ್ಕ್ರೂ, ನೈಲಾನ್ ನಟ್. ಕಬ್ಬಿಣದ್ದು ಬೇಡ, ತೂತಿನ ಪಕ್ಕದಲ್ಲೇ ತಾಮ್ರದ ಗೆರೆಗಳು ಓಡಿರುತ್ತವೆ. ಎರಡೂ ಕಡೆ ಸರದಿ ಮೇಲೆ ಅರ್ಧರ್ಧ ಸುತ್ತು ತಿರುಗಿಸಿ. ಒಂದೇ ಕಡೆ ಬಿಗಿದರೆ ಚಿಪ್ಪಿನ ಮೂಲೆ ಚೂರಾಗುತ್ತದೆ.

---

ಬೀಗರೂಟ ಡಿಟಿಪಿ, ಮಂಡ್ಯ

ಆಯ್ತು ಸರ್. 1 ಮಿಲಿಮೀಟರ್ ಪ್ಯಾಡ್ ಮೈಸೂರಿಂದ ತರಿಸಿದೆ. ಬೆಳಿಗ್ಗೆ 10ಕ್ಕೆ ಆನ್ ಮಾಡಿದ್ದು, ಈಗ ಸಂಜೆ 6. ಡಿಸ್ಕಿನಲ್ಲಿದ್ದುದನ್ನೆಲ್ಲ ಕಾಪಿ ಮಾಡಿದೆ, ಒಂದು ಸಲವೂ ಹೋಗಲಿಲ್ಲ. ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟುಕೊಂಡೇ ಇರಬಹುದು. 129 ಒಂದೂ ಇಲ್ಲ. ನಡುವೆ ಎರಡು ಬೀಗರೂಟದ ಕಾರ್ಡೂ ಆದವು.

ನೈಲಾನ್ ಸ್ಕ್ರೂ ಎಲ್ಲಿ ಸಿಕ್ಕಿತು ಅಂತ ಕೇಳಬೇಡಿ. ಮಗಳ ಸೈನ್ಸ್ ಪ್ರಾಜೆಕ್ಟ್ ಡಬ್ಬಿಯಲ್ಲಿ ಎರಡು ಕಡಿಮೆ ಇವೆ, ಅವಳಿಗೆ ಇನ್ನೂ ಗೊತ್ತಿಲ್ಲ.