ಟ್ರಿಗರ್ ಫಿಂಗರ್‌ಗೆ ಸ್ಟೀರಾಯ್ಡ್ ಇಂಜೆಕ್ಷನ್: ನೋವು ಕಡಿಮೆ ಮಾಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 54 ವರ್ಷ. ಮನೆಯಲ್ಲೇ ರವಿಕೆ ಹೊಲಿದು ಕೊಡುತ್ತೇನೆ. ಸಕ್ಕರೆ ಕಾಯಿಲೆ ಇದ್ದು, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಲಗೈಯ ಉಂಗುರ ಬೆರಳು ಬೆಳಿಗ್ಗೆ ಏಳುವಾಗ ಮಡಚಿಕೊಂಡೇ ಇರುತ್ತದೆ. ಎಡಗೈಯಿಂದ ಹಿಡಿದು ಎತ್ತಿದರೆ ಟಕ್ ಎಂದು ನೆಟ್ಟಗಾಗುತ್ತದೆ. ಕಳೆದ ವರ್ಷ ಅಂಗೈಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು. ಆಗಿನ ನೋವಿಗೆ ನಾನು ಕೂಗಿಕೊಂಡೆ, ಇಷ್ಟಕ್ಕೆಲ್ಲ ಕೂಗಿದರೆ ಹೇಗೆ ಎಂದು ಗದರಿದರು. ಏಳು ತಿಂಗಳು ಬೆರಳು ಸರಾಗವಾಗಿತ್ತು, ಈಗ ಮತ್ತೆ ಸಿಕ್ಕಿಕೊಳ್ಳುತ್ತಿದೆ. ಎರಡನೆಯ ಇಂಜೆಕ್ಷನ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ, ನನಗೆ ಧೈರ್ಯ ಸಾಲುತ್ತಿಲ್ಲ. ನೋವಿಲ್ಲದಂತೆ ಕೊಡುವ ದಾರಿ ಇದೆಯೇ?

ಉತ್ತರ: ನಮಸ್ಕಾರ ಅಮ್ಮ. ಮೊದಲನೆಯದಾಗಿ, ನೀವು ಕೂಗಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಅಂಗೈಯ ಚರ್ಮ ದಪ್ಪ, ಅದರಡಿಯಲ್ಲಿ ನರಗಳ ತುದಿಗಳು ಒತ್ತೊತ್ತಾಗಿವೆ, ಔಷಧ ಹರಡಿಕೊಳ್ಳಲು ಅಲ್ಲಿ ಜಾಗವೂ ಕಡಿಮೆ. ತೋಳಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್ನಿಗೂ ಇದಕ್ಕೂ ಹೋಲಿಕೆಯೇ ಸಲ್ಲದು. ನೋವನ್ನು ಪೂರ್ತಿ ಇಲ್ಲವಾಗಿಸುತ್ತೇನೆ ಎಂದು ನಾನು ಭರವಸೆ ಕೊಡಲಾರೆ, ಆದರೆ ಕಳೆದ ವರ್ಷದಷ್ಟು ನೋವನ್ನು ನೀವು ಮತ್ತೆ ಅನುಭವಿಸಬೇಕಾಗಿಲ್ಲ.

ಬೆರಳನ್ನು ಮಡಚುವ ಸ್ನಾಯುರಜ್ಜು, ಅಂದರೆ ಟೆಂಡನ್, ಒಂದು ಕೊಳವೆಯಂಥ ಹೊದಿಕೆಯೊಳಗೆ ಜಾರುತ್ತಿರುತ್ತದೆ. ಬೆರಳಿನ ಬುಡದಲ್ಲಿ, ಅಂಗೈಯ ಕಡೆ, ಅದನ್ನು ಮೂಳೆಗೆ ಒತ್ತಿ ಹಿಡಿಯುವ ಒಂದು ಪಟ್ಟಿ ಇದೆ; ನಾವು ಅದನ್ನು ಎ1 ಪುಲ್ಲಿ ಎನ್ನುತ್ತೇವೆ. ಆ ಪಟ್ಟಿ ದಪ್ಪವಾದಾಗ ಟೆಂಡನ್ ಅದರಡಿ ನುಸುಳಲಾರದೆ ಸಿಕ್ಕಿಕೊಳ್ಳುತ್ತದೆ; ಇದನ್ನೇ ಟ್ರಿಗರ್ ಫಿಂಗರ್ ಎನ್ನುವುದು. ಸ್ಟೀರಾಯ್ಡ್ ಮಾಡುವ ಕೆಲಸವೆಂದರೆ ಆ ಊತವನ್ನು ಇಳಿಸುವುದು. ಹಿಂದೆ ಔಷಧ ಕೊಳವೆಯ ಒಳಕ್ಕೇ ಹೋಗಬೇಕೆಂದು ಸೂಜಿಯನ್ನು ಆಳಕ್ಕೆ ಇಳಿಸುತ್ತಿದ್ದರು. ಹೊದಿಕೆಯ ಹೊರಗೆ, ಚರ್ಮದಡಿಯಲ್ಲಿ ಬಿಟ್ಟರೂ ಸಾಕಷ್ಟು ಜನರಿಗೆ ಅಷ್ಟೇ ಗುಣವಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಹಾಗಾಗಿ ಟೆಂಡನ್ನನ್ನು ಕೆಣಕುವ ಅಗತ್ಯವೇ ಇಲ್ಲ. ಸೂಜಿ ಚುಚ್ಚಿದ ಮೇಲೆ ರೋಗಿಗೆ ಬೆರಳ ತುದಿಯನ್ನು ತುಸು ಅಲ್ಲಾಡಿಸಲು ಹೇಳುತ್ತೇನೆ. ಬೆರಳಿನ ಜೊತೆಗೆ ಸೂಜಿಯೂ ಅಲ್ಲಾಡಿದರೆ ಅದು ಟೆಂಡನ್ನಿನೊಳಗೆ ಹೊಕ್ಕಿದೆ ಎಂದು ತಿಳಿದು ಸ್ವಲ್ಪ ಹಿಂದಕ್ಕೆ ಎಳೆಯುತ್ತೇನೆ. ಪಿಸ್ಟನ್ ಒತ್ತಲು ಬಲ ಬೇಕಾಗುತ್ತಿದೆ ಎಂದರೂ ಜಾಗ ಸರಿಯಿಲ್ಲ ಎಂದೇ ಅರ್ಥ. ಬಲವಂತದಿಂದ ಒತ್ತಿದಾಗಲೇ ರೋಗಿ ಕೈ ಎಳೆದುಕೊಳ್ಳುವುದು.

ನೋವನ್ನು ಹೆಚ್ಚು ಕಡಿಮೆ ಮಾಡುವ ಅಂಶಗಳಲ್ಲಿ ನಾನು ಬಹಳ ಮುಖ್ಯವೆಂದು ನಂಬಿರುವುದು ವೇಗವನ್ನು. ಒಟ್ಟು ಔಷಧ ಸುಮಾರು 1 ಮಿಲಿಲೀಟರ್ ಮಾತ್ರ. ಅದನ್ನು ಎರಡು ಸೆಕೆಂಡಿನಲ್ಲಿ ನುಗ್ಗಿಸುವ ಬದಲು ಅರ್ಧ ನಿಮಿಷ ತೆಗೆದುಕೊಂಡು ಬಿಟ್ಟರೆ ಚರ್ಮ ಹಿಗ್ಗುವ ನೋವು ಬಹಳ ಇಳಿಯುತ್ತದೆ. ಸೂಜಿ 27 ಗೇಜಿನಷ್ಟು ಸಣ್ಣದಿರಬೇಕು, ಔಷಧ ಎಳೆದುಕೊಂಡ ಸೂಜಿಯಲ್ಲೇ ಚುಚ್ಚದೆ ಹೊಸ ಸೂಜಿ ಹಾಕಬೇಕು. ಅಂಗೈಯ ಬದಲು ಬೆರಳಿನ ಬುಡದ ಪಕ್ಕದಿಂದ, ಚರ್ಮ ತೆಳುವಾಗಿರುವಲ್ಲಿ ಚುಚ್ಚುವ ಕ್ರಮವೂ ಇದೆ. ನನ್ನ ರೋಗಿಗಳಲ್ಲಿ ಎರಡೂ ರೀತಿ ಮಾಡಿಸಿಕೊಂಡವರು ಪಕ್ಕದ್ದೇ ವಾಸಿ ಎನ್ನುತ್ತಾರೆ. ಕುಳಿತುಕೊಳ್ಳದೆ ಮಲಗಿಕೊಂಡು ತೆಗೆದುಕೊಳ್ಳಿ, ತಲೆ ಸುತ್ತುವ ಭಯವಿರುವುದಿಲ್ಲ. ಇವನ್ನೆಲ್ಲ ನಿಮ್ಮ ಡಾಕ್ಟರಿಗೆ ಮುಂಚಿತವಾಗಿ ಹೇಳಿ: "ಹೋದ ಸಲ ಬಹಳ ನೋವಾಯಿತು, ನಿಧಾನವಾಗಿ ಕೊಡಿ" ಎಂಬ ಒಂದು ಮಾತು ಸಾಕು.

ಪ್ರಶ್ನೆ: ಸರ್, ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ಈ ಇಂಜೆಕ್ಷನ್ನಿಗೆ ಮರಗಟ್ಟಿಸುವ ಔಷಧವಾದ ಲಿಗ್ನೋಕೇನ್ ಬೆರೆಸಿ ಕೊಟ್ಟರೂ ರೋಗಿಗಳು ಉರಿ ಎನ್ನುತ್ತಾರೆ. ಕಾರಣವೇನಿರಬಹುದು?

ಉತ್ತರ: ಉರಿ ಬಹುಮಟ್ಟಿಗೆ ಲಿಗ್ನೋಕೇನಿನದೇ. ಅದು ಆಮ್ಲೀಯ ದ್ರಾವಣ. ಅಡ್ರಿನಲಿನ್ ಸೇರಿದ ಬಾಟಲಿಯದಂತೂ ಇನ್ನೂ ಆಮ್ಲೀಯ. ಮರಗಟ್ಟಿಸುವ ಮುನ್ನ ಅದೇ ಉರಿಸುತ್ತದೆ. 1 ಪ್ರತಿಶತ ಲಿಗ್ನೋಕೇನ್ 9 ಭಾಗಕ್ಕೆ 8.4 ಪ್ರತಿಶತ ಸೋಡಿಯಂ ಬೈಕಾರ್ಬೊನೇಟ್ 1 ಭಾಗ ಬೆರೆಸಿದರೆ ಉರಿ ಗಣನೀಯವಾಗಿ ತಗ್ಗುತ್ತದೆ. ಬೆರೆಸಿದ್ದನ್ನು ಆಗಲೇ ಬಳಸಿ, ಇಟ್ಟುಕೊಳ್ಳಬೇಡಿ. ಇನ್ನೊಂದು ಮರಗಟ್ಟಿಸುವ ಔಷಧವಾದ ಬ್ಯೂಪಿವಕೇನಿಗೆ ಈ ಲೆಕ್ಕ ಬೇಡ, ಅದು ಗಸಿಯಾಗಿ ಕೂರುತ್ತದೆ. ಸ್ಟೀರಾಯ್ಡಿನ ಸಿರಿಂಜಿಗೂ ನಾನು ಬೈಕಾರ್ಬೊನೇಟ್ ಸೇರಿಸುವುದಿಲ್ಲ. ಮೊದಲು ಚರ್ಮವನ್ನು ಮರಗಟ್ಟಿಸಿ, ಕೆಲವು ನಿಮಿಷ ಕಾದು, ಅನಂತರ ಸ್ಟೀರಾಯ್ಡನ್ನು ಬೇರೆಯಾಗಿ ಕೊಡುತ್ತೇನೆ. ಹೊರಗೆ ಸಾಲು ಎಷ್ಟೇ ಉದ್ದವಿದ್ದರೂ ಆ ಕಾಯುವಿಕೆಯನ್ನು ಮಾತ್ರ ಬಿಡಬೇಡಿ.

ಪ್ರಶ್ನೆ (ಮೊದಲು ಕೇಳಿದವರಿಂದ): ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಹೋಗಲೇ? ಇಂಜೆಕ್ಷನ್ ಆದಮೇಲೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಕ್ರೀಮ್ ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು, ಹೊಲಿಗೆಯಿಂದ ಗಟ್ಟಿಯಾದ ಅಂಗೈಯ ಚರ್ಮದೊಳಕ್ಕೆ ಅದು ಸರಿಯಾಗಿ ಇಳಿಯುವುದೂ ಇಲ್ಲ. ಅದಕ್ಕಿಂತ ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಒಂದೆರಡು ನಿಮಿಷ ಒತ್ತಿಕೊಳ್ಳುವುದು ಸುಲಭ. ಚುಚ್ಚುವ ಕ್ಷಣದಲ್ಲಿ ಪಕ್ಕದ ಚರ್ಮವನ್ನು ಯಾರಾದರೂ ಚಿವುಟಿ ಹಿಡಿದರೂ ಸೂಜಿಯ ಅರಿವು ಕಡಿಮೆಯಾಗುತ್ತದೆ.

ಮರಗಟ್ಟಿದ್ದು ಬಿಟ್ಟ ಮೇಲೆ, ಅಂದು ರಾತ್ರಿ ಅಥವಾ ಮರುದಿನ, ನೋವು ಮೊದಲಿಗಿಂತ ಹೆಚ್ಚಾಗಬಹುದು. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಐಸ್ ಇಡಿ, ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಆ ದಿನಗಳಲ್ಲಿ ಕತ್ತರಿ ಹಿಡಿಯಬೇಡಿ. ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ನಿಮಗೆ ಸಕ್ಕರೆ ಇರುವುದರಿಂದ ಮೊದಲ ಒಂದು ವಾರ ಪ್ರತಿದಿನ ರಕ್ತದ ಸಕ್ಕರೆ ನೋಡಿಕೊಳ್ಳಿ, ಅದು ಏರುವುದುಂಟು. ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ. ಸಕ್ಕರೆ ಇರುವವರಿಗೆ ಇಂಜೆಕ್ಷನ್ ಫಲಿಸುವ ಸಾಧ್ಯತೆಯೂ ಸ್ವಲ್ಪ ಕಡಿಮೆ. ಈ ಎರಡನೆಯ ಇಂಜೆಕ್ಷನ್ನಿನ ಗುಣವೂ ನಿಲ್ಲದಿದ್ದರೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವ ಬದಲು, ಬೆರಳನ್ನಷ್ಟೇ ಮರಗಟ್ಟಿಸಿ ಆ ಪಟ್ಟಿಯನ್ನು ಬಿಡಿಸುವ ಚಿಕ್ಕ ಆಪರೇಷನ್ ಬಗ್ಗೆ ಮಾತಾಡಿ. ನಾಲ್ಕನೆಯ ದಿನದ ಮೇಲೂ ನೋವು ಏರುತ್ತಲೇ ಇದ್ದರೆ, ಬೆರಳು ಕೆಂಪಾಗಿ ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಆ ದಿನವೇ ಹೋಗಿ ತೋರಿಸಿ.