ಗಟಾರದ ಅರ್ಜಿ: ಭಾನುವಾರ ಎಲ್ಲರೂ ಸಹಿ ಹಾಕಿ
(ಗೋವಾದ ಒಂದು ಚಿಕ್ಕ ಊರಿನ ಕನ್ನಡ ಓಣಿಯ ಗುಂಪಿನ ಮಾತುಕತೆ)

ಟೀಚರ್ ಅಕ್ಕ: ಎಲ್ಲರಿಗೂ ನಮಸ್ಕಾರ. ಮೇ ಮುಗಿಯುತ್ತಾ ಬಂತು, ನಮ್ಮ ಓಣಿಯ ಗಟಾರ ಇನ್ನೂ ತುಂಬಿಕೊಂಡೇ ಇದೆ. ಮೇಲಿನ ಓಣಿಯಲ್ಲಿ ಹೂಳು ತೆಗೆದು ಹೋದರು, ಚಾಳದ ಕಡೆ ಬರಲೇ ಇಲ್ಲ. ಹೋದ ಮಳೆಗಾಲದಲ್ಲಿ ನೀರು ಹೊಸ್ತಿಲು ದಾಟಿ ಟೇಲರ್ ಅಕ್ಕನ ಮಷೀನಿನ ಮೋಟಾರೇ ಹಾಳಾಯಿತು. ಈ ಸಲ ಮಳೆಗೆ ಮುಂಚೆ ಕೆಲಸ ಆಗಬೇಕು.

ಗೌಂಡಿ ಕಾಕಾ: ನಗರಸೇವಕರಿಗೆ ಹೇಳಿದ್ದೆನಲ್ಲ. ನೋಡೋಣ ಅಂದರು.

ಟೀಚರ್ ಅಕ್ಕ: ಬಾಯಿಮಾತಿಗೆ ದಾಖಲೆ ಇಲ್ಲ ಕಾಕಾ. ಪುರಸಭೆಯ ಚೀಫ್ ಆಫೀಸರ್ ಹೆಸರಿಗೆ ಅರ್ಜಿ ಕೊಟ್ಟು ನಮ್ಮ ಪ್ರತಿಗೆ ಸಿಕ್ಕಾ ಹಾಕಿಸಿಕೊಳ್ಳಬೇಕು. ಆಮೇಲೂ ಏನೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. 30 ದಿನದೊಳಗೆ ಉತ್ತರ ಕೊಡಬೇಕು.

ಟೇಲರ್ ಅಕ್ಕ: ಗಟಾರದ ದೂರು ಇದ್ದರೆ ತಿಳಿಸಿ ಅಂತ ನೋಟಿಸ್ ಹಚ್ಚಿದ್ದರಂತೆ ರೀ. ಮರಾಠಿ, ಇಂಗ್ಲಿಷಿನಲ್ಲಿತ್ತು. ನಮ್ಮ ಓಣಿಯಲ್ಲಿ ಯಾರು ಓದಬೇಕು?

ಕಾಲೇಜ್ ತಮ್ಮ: ಹಾಗಾದರೆ ಕನ್ನಡದಲ್ಲೇ ಅರ್ಜಿ ಕೊಡೋಣ ಅಕ್ಕಾ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. 2011ರ ಜನಗಣತಿಯಲ್ಲಿ ಗೋವಾದ ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ ಜನ ಕನ್ನಡದವರು.

ಟೀಚರ್ ಅಕ್ಕ: ನಿಜ ತಮ್ಮಾ, ಆ ಹಕ್ಕು ಬಿಡಬಾರದು. ಆದರೆ ಹೂಳು ತೆಗೆಯಲು ಆಳು ಕಳಿಸುವವರಿಗೆ ಅದು ಅರ್ಥ ಆಗಬೇಕಲ್ಲ? 1987ರ ಕಾಯ್ದೆಯಂತೆ ಇಲ್ಲಿನ ಆಡಳಿತ ಭಾಷೆ ದೇವನಾಗರಿ ಕೊಂಕಣಿ, ಮರಾಠಿಯೂ ನಡೆಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಂತೂ ಇಂಗ್ಲಿಷ್, ಹಿಂದಿ ಅಥವಾ ಇಲ್ಲಿನ ಆಡಳಿತ ಭಾಷೆಯಲ್ಲೇ ಇರಬೇಕು. ಅದಕ್ಕೇ ಹಾಳೆಯ ಮೇಲೆ ಕೊಂಕಣಿ, ಕೆಳಗೆ ಕನ್ನಡ. ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ನಮ್ಮವರಿಗೂ ಗೊತ್ತಿರಬೇಕು.

ಕಿರಾಣಿ ಅಣ್ಣ: ಕನ್ನಡ ಕಂಡ ಕೂಡಲೇ ಘಾಂಟಿಗಳು ಜೋರಾದರು ಅಂತಾರೆ. ಘಟ್ಟದಾಚೆಯಿಂದ ಬಂದ ನಮ್ಮನ್ನು ಹಾಗೇ ಹೀಯಾಳಿಸುವುದಲ್ಲ. ಮಹದಾಯಿ ಗಲಾಟೆ ಎದ್ದಾಗಲೂ ಎಲ್ಲರ ಕಣ್ಣು ನಮ್ಮ ಮೇಲೇ. ಸುಮ್ನೆ ಯಾಕೆ?

ಟೀಚರ್ ಅಕ್ಕ: ನಿಮ್ಮ ಹೆದರಿಕೆ ಸುಳ್ಳಲ್ಲ ಅಣ್ಣಾ. ಆದರೆ ಇದೇ ನೀರು ಕೆಳಗಿನ ಕೊಂಕಣಿ ಮನೆಗಳ ಅಂಗಳಕ್ಕೂ ನುಗ್ಗುತ್ತದೆ. ಅವರ ಸಹಿಯೂ ಇದೇ ಹಾಳೆಯಲ್ಲಿರಲಿ. ನೋಟಿಸು ಕನ್ನಡದಲ್ಲೂ ಬೇಕು ಅನ್ನುವ ಮಾತನ್ನು ಬೇರೆ ಅರ್ಜಿಯಲ್ಲಿ ಬರೆಯೋಣ. ಒಂದು ಪುರಸಭೆಯಲ್ಲಿ ನೂರಕ್ಕೆ 15 ಜನ ಒಂದು ಭಾಷೆಯವರಿದ್ದರೆ ಮುಖ್ಯ ನೋಟಿಸುಗಳು ಆ ಭಾಷೆಯಲ್ಲೂ ಬರಬೇಕು ಅಂತ ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶಮಟ್ಟದಲ್ಲಿ ಒಪ್ಪಿಕೊಂಡಿದ್ದಾರೆ. ಇಡೀ ಗೋವಾ ಲೆಕ್ಕದಲ್ಲಿ ನಾವು ಸ್ವಲ್ಪವೇ. ಇಂಥ ಚಿಕ್ಕ ಊರಿನಲ್ಲಿ ನಾಲ್ಕು ಓಣಿ ಸೇರಿದರೆ ಲೆಕ್ಕವೇ ಬೇರೆ. ಮೊದಲು ಊರಿನ ಅಂಕಿ ಕೇಳಿ ಪಡೆಯೋಣ.

ತಾಂಡಾ ಅಕ್ಕ: ನಮ್ಮ ಮನೆಮಾತು ಲಂಬಾಣಿ. ನಮ್ಮನ್ನು ಯಾವುದರಲ್ಲಿ ಎಣಿಸುತ್ತಾರೆ?

ಟೀಚರ್ ಅಕ್ಕ: ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ ಅಕ್ಕಾ. ವಿಜಯಪುರದಿಂದ ಬಂದು ಕನ್ನಡ ಶಾಲೆ ಕಲಿತವರೂ ಹಿಂದಿಯವರಾಗಿಬಿಡುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಮನೆಮಾತು ಲಂಬಾಣಿ ಅಂತಲೇ ಬರೆಸಿ, ಅದನ್ನು ಬಿಟ್ಟುಕೊಡಬೇಡಿ. ಗೊತ್ತಿರುವ ಬೇರೆ ಭಾಷೆ ಯಾವುದು ಅಂತಲೂ ಕೇಳುತ್ತಾರೆ, ಅಲ್ಲಿ ಕನ್ನಡ ಹೇಳಿ. 15ರ ಲೆಕ್ಕ ಹಾಕುವಾಗ ನಿಮ್ಮ ಮನೆಗಳು ಹೊರಗೆ ಉಳಿಯಬಾರದು ಅಂತ ಎರಡನೇ ಅರ್ಜಿಯಲ್ಲಿ ನಾನೇ ಬರೆಯುತ್ತೇನೆ.

ತಾಂಡಾ ಅಕ್ಕ: ಹಾಗಾದರೆ ನಮ್ಮ ಸಾಲಿನ ಸಹಿ ನಾನು ಮಾಡಿಸುತ್ತೇನೆ.

ಕಿರಾಣಿ ಅಣ್ಣ: ಸರಿ. ಕೊಂಕಣಿ ಮನೆಗಳಿಗೆ ನಾನು ಹೋಗುತ್ತೇನೆ. ದಿನಾ ಅಂಗಡಿಗೆ ಬರುವವರೇ, ಇಲ್ಲ ಅನ್ನಲ್ಲ.

ಗೌಂಡಿ ಕಾಕಾ: ಭಾನುವಾರ ಬೆಳಿಗ್ಗೆ ಇಡಿ. ಸೈಟಿಗೆ ರಜೆ, ಎಲ್ಲರೂ ಸಿಗುತ್ತಾರೆ. ಮೋರಿ ಎಲ್ಲಿ ಕಟ್ಟಿಕೊಂಡಿದೆ ಅಂತ ನಾನು ತೋರಿಸುತ್ತೇನೆ, ತಮ್ಮ ಫೋಟೋ ತೆಗೆಯಲಿ. ಅಲ್ಲಿ ಪೈಪು ಸಣ್ಣದು, ಬರೀ ಹೂಳು ತೆಗೆದರೆ ಸಾಲದು. ಅದನ್ನೂ ಬರೆಯಿರಿ.

ಟೇಲರ್ ಅಕ್ಕ: ಹೆಬ್ಬೆಟ್ಟು ಒತ್ತುವವರಿಗೆ ಇಂಕ್ ಪ್ಯಾಡ್ ನಾನು ತರುತ್ತೇನೆ.

ಟೀಚರ್ ಅಕ್ಕ: ಶನಿವಾರ ರಾತ್ರಿ ಅರ್ಜಿಯ ಕರಡು ಇಲ್ಲೇ ಹಾಕುತ್ತೇನೆ. ಓದಲು ಬಾರದವರಿಗೆ ಪಕ್ಕದ ಮನೆಯವರು ಓದಿ ಹೇಳಿ. ಸೋಮವಾರ ಹತ್ತು ಗಂಟೆಗೆ ಪುರಸಭೆಯಲ್ಲಿ ಕೊಡೋಣ. ಕೂಲಿ ತಪ್ಪಿಸಿಕೊಂಡು ಯಾರೂ ಬರಬೇಡಿ, ನಾನು ಮತ್ತು ತಮ್ಮ ಹೋಗುತ್ತೇವೆ. ಸಿಕ್ಕಾ ಹಾಕಿದ ಪ್ರತಿಯ ಫೋಟೋ ಗುಂಪಿಗೆ ಹಾಕುತ್ತೇವೆ.