ಬೆಟಗೇರಿಯ ಮೂವರು ಪತ್ತೇದಾರಿಣಿಯರು: ಕಳ್ಳತನ ಹೇಗಿರಬೇಕು, ನಗು ಎಲ್ಲಿಂದ ಬರಬೇಕು?

ಪ್ರಶ್ನೆ: ಧಾರವಾಡದ ಕಥೆಗಾರ್ತಿ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಡೆಯುವ, ಕೊಲೆಯಿಲ್ಲದ, ಓದುವವರನ್ನು ನಗಿಸುವ ಪತ್ತೇದಾರಿ ಕಿರುಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಪತ್ತೆ ಹಚ್ಚುವವರು ಮೂವರು ಹೆಂಗಸರು: ನಿವೃತ್ತ ಶಾಲಾ ಶಿಕ್ಷಕಿ, ಗಿರಣಿ ನಡೆಸುವ ಅಕ್ಕ ಮತ್ತು ಕಸೂತಿ ಹಾಕುವ ಸೊಸೆ. ಮದುವೆ ಹತ್ತಿರ ಬಂದಾಗ ಅಜ್ಜಿಯ ಕಾಲದ ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ಸೀರೆ, ಟ್ರಂಕಿನಿಂದ ಕಾಣೆಯಾಗುತ್ತದೆ.

ಎರಡು ಕಡೆ ಕಥೆ ನಿಂತುಬಿಟ್ಟಿದೆ. ಸೀರೆ ಹೋದರೆ ಮನೆಯವರು ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಾರಲ್ಲ, ಈ ಮೂವರಿಗೆ ಅಲ್ಲಿ ಏನು ಕೆಲಸ? ಎರಡನೆಯದು ಇನ್ನೂ ಕಠಿಣವಾದದ್ದು. ನಗಿಸಲು ಹೊರಟಾಗಲೆಲ್ಲ ನನ್ನ ಹೆಂಗಸರು ಚಾಡಿಕೋರರಂತೆ ಕಾಣತೊಡಗುತ್ತಾರೆ. ಅವರ ಜೊತೆ ನಗಬೇಕೇ ಹೊರತು ಅವರನ್ನು ನೋಡಿ ನಗಬಾರದು ಎಂಬುದು ನನ್ನ ಆಸೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಕಸೂತಿ ಕಲಿಸುವವರು, ಹುಬ್ಬಳ್ಳಿ

ತಂಗೀ, ನಿನ್ನ ಕೈಯಲ್ಲೇ ಸುಳಿವು ಇದೆ, ಅದನ್ನು ನೀನು ಬಳಸಿಲ್ಲ. ಸೀರೆ ಕಾಣೆಯಾಗುವುದೇ ಬೇಡ, ಅದು ಬದಲಾಗಲಿ. ಅದರ ಜಾಗದಲ್ಲಿ ಅಂಥದೇ ಕಪ್ಪು ಸೀರೆ, ಅದೇ ಗೋಪುರ, ಅದೇ ಆನೆ ಅಂಬಾರಿ, ಅದೇ ತುಳಸಿಕಟ್ಟೆ. ಆದರೆ ಯಂತ್ರದಲ್ಲಿ ಹಾಕಿದ್ದು. ಮನೆಯವರೆಲ್ಲ ಸೀರೆ ಇದೆಯೆಂದೇ ನಂಬಿರುತ್ತಾರೆ. ಸೊಸೆಯೊಬ್ಬಳು ಮಾತ್ರ ಸೆರಗನ್ನು ಮಗುಚಿ ನೋಡುತ್ತಾಳೆ.

ಮಗುಚಿದಾಗ ಏನು ಕಾಣುತ್ತದೆ ಎಂಬುದನ್ನು ಸಾವಕಾಶವಾಗಿ ಬರೆ, ಅಲ್ಲಿ ಅವಸರ ಬೇಡ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುತ್ತೇವೆ. ಆದ್ದರಿಂದಲೇ ಗವಂತಿ ಮತ್ತು ಮೆಟ್ಟಿಲಿನಂತೆ ಸಾಗುವ ಮುರ್ಗಿ ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತವೆ. ಯಂತ್ರದ ಕೆಲಸದಲ್ಲಿ ಕೆಳಗಿನ ಬಾಬಿನ್ ದಾರ ಹಿಂಬದಿಯಲ್ಲಿ ಬೇರೆಯಾಗಿ ಎದ್ದು ಕಾಣುತ್ತದೆ. ಆದರೆ ಅಡ್ಡಹೊಲಿಗೆಯಾದ ಮೆಂತಿಯ ಹಿಂಬದಿ ಮುಂಬದಿಯಂತಿರುವುದಿಲ್ಲ ಎಂಬುದನ್ನು ಮರೆಯಬೇಡ. ಸೊಸೆ ಮೆಂತಿಯ ಭಾಗವನ್ನು ನೋಡಿ ತೀರ್ಪು ಕೊಟ್ಟಳೆಂದು ಬರೆದರೆ, ಕಸೂತಿ ಬಲ್ಲ ಓದುಗಳು ಪುಸ್ತಕವನ್ನು ಅಲ್ಲಿಯೇ ಮುಚ್ಚಿಡುತ್ತಾಳೆ.

ಉತ್ತರ: ವಕೀಲರು, ಗದಗ

ಮೇಲಿನ ಅಕ್ಕಾವರು ಹೇಳಿದ್ದರಿಂದ ನಿಮ್ಮ ಮೊದಲ ತೊಡಕು ತಾನಾಗಿ ಬಿಡಿಸಿಕೊಂಡಿದೆ. ದೂರು ಕೊಡಲು ಹೋದರೆ ಠಾಣೆಯವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ: ಸೀರೆ ಮನೆಯಲ್ಲೇ ಇದೆಯಲ್ಲ, ಕಳುವಾದದ್ದು ಯಾವುದು? ಪೊಲೀಸರನ್ನು ದಡ್ಡರನ್ನಾಗಿ ಮಾಡುವ ಅಗತ್ಯವೇ ಬೀಳುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಆ ಹಾಸ್ಯ ಸವೆದುಹೋಗಿದೆ.

ಆದರೆ ಸೀರೆಯನ್ನು ಟ್ರಂಕಿನಿಂದ ಕದಿಯಿಸಬೇಡಿ ಎಂದು ವಿನಂತಿಸುತ್ತೇನೆ. 2024ರ ಜುಲೈ 1ರಿಂದ ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ವಾಸದ ಮನೆಯೊಳಗಿನ ಕಳ್ಳತನ ಅದರ 305ನೆಯ ಕಲಮಿಗೆ ಬರುತ್ತದೆ ಮತ್ತು ಶಿಕ್ಷೆ ಏಳು ವರ್ಷಗಳವರೆಗೆ ಹೋಗಬಹುದು. ನಗಿಸುವ ಕಥೆಗೆ ಅಷ್ಟು ಭಾರ ತಡೆಯದು. ಸೀರೆಯನ್ನು ಗಾಳಿಗೆಂದು ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಹಗ್ಗದ ಮೇಲೆ ಹಾಕಿದ್ದಾಗ ಬದಲಾಯಿಸಿದರೆ, ಅದು 303ನೆಯ ಕಲಮಿನ ಸಾಮಾನ್ಯ ಕಳ್ಳತನವಾಗುತ್ತದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಶಿಕ್ಷೆಗೊಳಗಾಗುವವರು ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ, ಆ ಕಲಮಿನಡಿ ಸಮುದಾಯ ಸೇವೆಯೇ ಶಿಕ್ಷೆ.

ನಿಮ್ಮ ನಗು ಇಲ್ಲಿದೆ ಎಂದು ನನಗೆ ತೋರುತ್ತದೆ. ಕದ್ದವರನ್ನು ಜೈಲಿಗೆ ಕಳಿಸಲು ಯಾರಿಗೂ ಮನಸ್ಸಿಲ್ಲ, ಏಕೆಂದರೆ ಅವರು ಬೀಗರ ಪೈಕಿ. ಅವರನ್ನು ಉಳಿಸಬೇಕಾದರೆ ಸೀರೆಯ ಬೆಲೆ 5,000ಕ್ಕಿಂತ ಕಡಿಮೆಯೆಂದು ಅಜ್ಜಿ ಒಪ್ಪಿಕೊಳ್ಳಬೇಕು. ತನ್ನ ಚಂದ್ರಕಾಳಿಗೆ ಅಷ್ಟು ಕಡಿಮೆ ಬೆಲೆ ಕಟ್ಟಲು ಯಾವ ಅಜ್ಜಿ ಒಪ್ಪುತ್ತಾಳೆ? ಇಡೀ ಓಣಿ ಅವಳೆದುರು ಕುಳಿತು ಚೌಕಾಸಿ ಮಾಡಬೇಕಾಗುತ್ತದೆ, ಅದೂ ಬೆಲೆ ಇಳಿಸಲು!

ಇನ್ನೊಂದು ಮಾತು. ಸಾಕ್ಷಿಯಾಗಿರುವ ಮಹಿಳೆಯನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ. ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನ ಪ್ರಕಾರ ಅವಳು ವಾಸಿಸುವ ಸ್ಥಳಕ್ಕೇ ಅಧಿಕಾರಿ ಬರಬೇಕು. ಪಿಎಸ್‌ಐ ಸಾಹೇಬರು ಮೂವರ ಮನೆಗೂ ಹೋಗಬೇಕು, ಮೂರೂ ಕಡೆ ಚಹಾ ಕುಡಿಯಬೇಕು, ಮತ್ತು ಕೇಳುವುದಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ತಾವೇ ಉತ್ತರ ಕೊಟ್ಟು ಬರಬೇಕು.

ಉತ್ತರ: ಮೆಣಸಿನಕಾಯಿ ವ್ಯಾಪಾರದವರು, ಬ್ಯಾಡಗಿ

ಗಿರಣಿ ಅಕ್ಕನಿಗೆ ಯಾರೂ ಕೆಲಸ ಕೊಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಥೆಯನ್ನು ಬೇಸಿಗೆಗೆ ತನ್ನಿರಿ. ವರ್ಷದ ಖಾರಪುಡಿ ಕುಟ್ಟಿಸುವ ಕಾಲ ಅದು. ಸೀರೆ ಸುತ್ತಿದ್ದ ಬಿಳಿ ಅರಿವೆಯ ಮೇಲೆ ಕೆಂಪು ಬೆರಳಿನ ಗುರುತು ಇರಲಿ. ಕದ್ದವರು ಅದನ್ನು ನೀರಿನಲ್ಲಿ ತಿಕ್ಕಿರುತ್ತಾರೆ, ಆದರೆ ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲ. ಕಲೆ ಉಳಿದೇ ಉಳಿಯುತ್ತದೆ.

ಬಣ್ಣ ಗಾಢವಾಗಿದ್ದು ಖಾರ ಕಡಿಮೆಯಿದ್ದರೆ ಬ್ಯಾಡಗಿ ಕಾಯಿಯೆಂದು ಅಕ್ಕ ಊಹಿಸಬಹುದು. ಗುಂಟೂರಿನ ಕಾಯಿಯಾದರೆ ನಾಲಿಗೆಗೆ ತಾಗಿಸಿದ ಕೂಡಲೇ ಗೊತ್ತಾಗುತ್ತದೆ. ಇಷ್ಟರಿಂದಲೇ ಕಳ್ಳರು ಸಿಕ್ಕರೆಂದು ಮಾತ್ರ ಬರೆಯಬಾರದು, ಏಕೆಂದರೆ ನಮ್ಮ ಭಾಗದಲ್ಲಿ ಬ್ಯಾಡಗಿ ಕಾಯಿ ತರದ ಮನೆ ಅಪರೂಪ. ಆ ದಿನ ಗಿರಣಿಯಲ್ಲಿ ಯಾರ ಡಬ್ಬಿಯ ನಂತರ ಯಾರ ಡಬ್ಬಿ ಇತ್ತು ಎಂಬುದು ಅಕ್ಕನಿಗೆ ನೆನಪಿರುತ್ತದೆ, ಪಾಳಿ ಬಿಟ್ಟು ನಡುವೆ ಎದ್ದುಹೋದವರು ಯಾರೆಂಬುದೂ ನೆನಪಿರುತ್ತದೆ. ಅಲ್ಲಿಂದ ಹೆಸರುಗಳು ಕಡಿಮೆಯಾಗಲಿ. ವಿಚಾರಣೆಯನ್ನೂ ಗಿರಣಿಯಲ್ಲೇ ನಡೆಸಿದರೆ, ಪ್ರಶ್ನೆ ಕೇಳುವವರೂ ಉತ್ತರಿಸುವವರೂ ಸೀನುತ್ತ ಮಾತು ಪೂರೈಸಲಾರದೆ ಒದ್ದಾಡುವ ಪ್ರಸಂಗ ಸಹಜವಾಗಿ ಒದಗುತ್ತದೆ.

ಉತ್ತರ: ಓದುಗರು, ಹಾವೇರಿ

ನಗುವಿನ ವಿಷಯದಲ್ಲಿ ನನ್ನ ಅಭಿಪ್ರಾಯ. ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯವರ ಮುದಿ ಪತ್ತೇದಾರಿಣಿ ಮಿಸ್ ಮಾರ್ಪಲ್ 1927ರಲ್ಲಿ ಸಣ್ಣಕಥೆಯೊಂದರಲ್ಲಿ ಮೊದಲು ಬಂದು, 1930ರಲ್ಲಿ ಕಾದಂಬರಿಗೆ ಕಾಲಿಟ್ಟರು. ಹೆಣಿಗೆ ಹಾಕುತ್ತ ಮೂಲೆಯಲ್ಲಿ ಕುಳಿತ ಮುದುಕಿಯನ್ನು ಉಳಿದವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಮಾರ್ಪಲ್ ಮಾತ್ರ ಹೊಸ ಮನುಷ್ಯನನ್ನು ತಮ್ಮ ಹಳ್ಳಿಯ ಯಾರೋ ಒಬ್ಬರಿಗೆ ಹೋಲಿಸಿ ಅಳೆಯುತ್ತಾರೆ. ಅಲ್ಲಿ ನಗೆಗೀಡಾಗುವವರು ಅವರನ್ನು ಕಡೆಗಣಿಸಿದ ಜಾಣರು. ನಿಮ್ಮ ಕಥೆಯಲ್ಲೂ ಹೆಂಗಸರ ಮಾತನ್ನು ಹರಟೆಯೆಂದು ತಳ್ಳಿಹಾಕುವ ಯಜಮಾನರೊಬ್ಬರು ಇರಲಿ, ಮತ್ತು ಅವರಿಗೆ ಬೇಕಾದ ಉತ್ತರ ಅವರೆದುರಿನ ಅದೇ ಹರಟೆಯಲ್ಲಿ ಆಗಲೇ ಬಂದುಹೋಗಿರಲಿ. ಓದುಗರಿಗೂ ಅದು ಆಗಲೇ ಕೇಳಿಸಿರಬೇಕು, ಇಲ್ಲವಾದರೆ ಕೊನೆಯಲ್ಲಿ ಮೋಸಹೋದಂತಾಗುತ್ತದೆ.

ಶಿಕ್ಷಕಿ ಬಾಯಿಯವರು ನನಗೆ ಇನ್ನೂ ಕಾಣುತ್ತಿಲ್ಲ. ಉಳಿದಿಬ್ಬರ ಜ್ಞಾನ ಅವರವರ ಕೈಕೆಲಸದಲ್ಲಿದೆ. ಬಾಯಿಯವರು ಅರ್ಧ ಓಣಿಗೆ ಅಕ್ಷರ ಕಲಿಸಿದವರು. ಯಾರು ಸುಳ್ಳು ಹೇಳುವಾಗ ಹೇಗೆ ನಿಲ್ಲುತ್ತಾರೆ ಎಂಬುದು ಅವರಿಗೆ ಒಂದನೆಯ ಇಯತ್ತೆಯಿಂದಲೇ ಗೊತ್ತಿರಬೇಕು. ಆ ಪಿಎಸ್‌ಐ ಕೂಡ ಅವರ ಹಳೆಯ ವಿದ್ಯಾರ್ಥಿಯೇ ಆಗಿರಲಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸೀರೆಯನ್ನು ಟ್ರಂಕಿನಿಂದ ತೆಗೆದು ಬೇವಿನ ಗಿಡದ ಕೆಳಗೆ ತರುತ್ತಿದ್ದೇನೆ, ಕಥೆಯನ್ನು ಬೇಸಿಗೆಗೆ ಸರಿಸುತ್ತಿದ್ದೇನೆ. ಸೊಸೆ ಗವಂತಿಯ ಗೋಪುರವನ್ನೇ ಮಗುಚಿ ನೋಡುತ್ತಾಳೆ. ವಕೀಲರೇ, ಅಜ್ಜಿಯ ಚೌಕಾಸಿಯ ಅಧ್ಯಾಯವನ್ನು ಬರೆದ ಮೇಲೆ ಇಲ್ಲಿಯೇ ಹಾಕುತ್ತೇನೆ. ಕಲಮುಗಳು ಸರಿಯಾಗಿವೆಯೇ ಎಂದು ತಾವು ಒಮ್ಮೆ ನೋಡಿಕೊಡಬೇಕು.